ಹಟ್ಟಿ ಕಾದವರ ನಿದ್ದೆ

ಬಹಳ ಬಹಳ ಹಿಂದೆ, ಕುರಿಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ನಿದ್ದೆ ಎಂಬ ಹೆಸರಿನ ಮುದುಕಿಯೊಬ್ಬಳು ಹೊತ್ತು ಮುಳುಗಿದ ಕೂಡಲೇ ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು ಊರೂರು ತಿರುಗುತ್ತಿದ್ದಳಂತೆ. ಅರಸನಿಗೂ ಅಷ್ಟೇ, ಆಳಿಗೂ ಅಷ್ಟೇ, ಒಬ್ಬೊಬ್ಬರಿಗೆ ಒಂದೊಂದು ಹಿಡಿ ನಿದ್ದೆ ಹಾಕಿ ಮುಂದೆ ಹೋಗುವಳು. ಒಂದು ರಾತ್ರಿ ಅಡವಿಯ ಅಂಚಿಗೆ ಕುರಿಹಟ್ಟಿಯ ಮುಂದೆ ಕೂತಿದ್ದ ಕುರುಬನೊಬ್ಬ ಕೈ ಅಡ್ಡ ಹಿಡಿದ. "ಈಗ ಬ್ಯಾಡಬೇ ಯವ್ವಾ. ನಾ ಕಣ್ಣ ಮುಚ್ಚಿದರ ತೋಳ ಬರ್ತೈತಿ. ನನ್ನ ಪಾಲ ತಗದಿಡು, ಬೆಳಕ ಹರದಮ್ಯಾಲ ಕೊಡು" ಎಂದ. ಮುದುಕಿ ಒಪ್ಪಿದಳು. ಬೆಳಕು ಹರಿದ ಮೇಲೆ ಬಂದು ಅವನ ಪಾಲನ್ನು ಅವನ ಕಣ್ಣಿಗೆ ಸುರಿದಳು. ಹೋಗುವಾಗ ಅವನ ಸುತ್ತ ಒಂದು ಗೆರೆ ಎಳೆದು ಹೇಳಿದಳು: "ಮಂದಿ ಸಲುವಾಗಿ ಬಿಟ್ಟ ನಿದ್ದಿ ಇದು. ಇದನ್ನ ಯಾರೂ ಕಸಗೊಬಾರದು."

ಹಣಮವ್ವ ಈ ಕಥೆಯನ್ನು ಮೊದಲು ಮಗ ಮಾಲಿಂಗಪ್ಪನಿಗೆ ಹೇಳಿದಳು, ಆಮೇಲೆ ಮೊಮ್ಮಗಳು ವಿದ್ಯಾಳಿಗೆ. ಹೇಳಿದ್ದಷ್ಟೇ ಅಲ್ಲ, ಅದರಂತೆ ನಡೆದವಳು. ಮಾಲಿಂಗಪ್ಪ ಹುಟ್ಟುವ ದಿನ ಬೆಳಗಿನ ಜಾವ ಹೊಟ್ಟೆನೋವು ಸುರುವಾದಾಗ, ರಾತ್ರಿಯಿಡೀ ಹಟ್ಟಿ ಕಾದು ಆಗಷ್ಟೇ ಮೈ ಚೆಲ್ಲಿದ್ದ ಗಂಡನನ್ನು ಆಕೆ ಎಬ್ಬಿಸಲಿಲ್ಲ. ಗೋಡೆ ಹಿಡಿದುಕೊಂಡು ಬಾಜೂ ಮನೆಗೆ ನಡೆದು ಹೋದಳು. ಗಂಡ ಎದ್ದಾಗ ಕೂಸಿನ ಅಳು ಕೇಳಿತ್ತು. ಮೇಲವಂಕಿಯ ಹೊರಗೆ, ಕಾಲುವೆಯ ದಂಡೆಗಿದ್ದ ಆ ಮನೆಯಲ್ಲಿ ಹಟ್ಟಿ ಕಾದವರನ್ನು ಎಬ್ಬಿಸಬಾರದು ಎಂಬುದನ್ನು ಯಾರೂ ಯಾರಿಗೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಅದಕ್ಕೇ, ಎಷ್ಟೋ ವರ್ಷಗಳ ಮೇಲೆ ಒಂದು ದಿನ, ಬೆಳಗಿನ ಒಂಬತ್ತು ಗಂಟೆಗೂ ಸೊಸೆ ಸುಂದ್ರವ್ವ ರೊಟ್ಟಿ ಬಡಿಯುವ ಕೈಯನ್ನು ಮೆತ್ತಗೆ ಮಾಡಿದ್ದಳು. ಒಳಗಿನ ಕೋಣೆಯಲ್ಲಿ ಅವಳ ಮಗಳು ವಿದ್ಯಾ ಕಂಬಳಿ ಮುಸುಕು ಹೊದ್ದು ಮಲಗಿದ್ದಳು. ಹದಿನೇಳು ವರ್ಷದ ಹುಡುಗಿ, ಮೂಡಲಗಿಯ ಕಾಲೇಜಿನಲ್ಲಿ ಪಿಯುಸಿ ಎರಡನೇ ವರ್ಷ. ಮೊದಲ ಪಾಠ ಆಗಲೇ ಮುಗಿದಿರಬೇಕು.

"ದಿನಾ ಒಂದ ತಾಸ ತಪ್ಪತೈತ್ರಿ ಇಕೀದು. ನಿನ್ನಿ ಮಾಸ್ತರು ಫೋನ್ ಮಾಡಿದ್ರು" ಎಂದಳು ಸುಂದ್ರವ್ವ, ದನಿ ಇಳಿಸಿ.

ಹೊಸ್ತಿಲ ಮೇಲೆ ಚಹಾ ಕುಡಿಯುತ್ತಿದ್ದ ಮಾಲಿಂಗಪ್ಪ ನಕ್ಕ. "ಮಾಸ್ತರಗ ಅರವತ್ತ ಕುರಿ ಅದಾವೇನ? ರಾತ್ರಿ ಎಲ್ಲಾ ಕಣ್ಣಿಗೆ ಕಣ್ಣ ಹಚ್ಚಿಲ್ಲ ಹುಡುಗಿ. ಮಲಗ್ಲಿ ಬಿಡು."

"ಮಲಗಿ ಎದ್ದವರ ಮಾರಿ ಹಂಗಿರೂದಿಲ್ಲರಿ."

"ಮತ್ತ ಹೆಂಗಿರತೈತಿ?"

ರೊಟ್ಟಿ ಹೊತ್ತುತ್ತಿತ್ತು, ಸುಂದ್ರವ್ವ ತಿರುವಿ ಹಾಕಿದಳು.

ವಿದ್ಯಾ ಹಟ್ಟಿಯ ಕಾವಲಿಗೆ ಬಂದದ್ದು ದೀಪಾವಳಿಯ ಮೇಲೆ. ಕಾಲೇಜಿನ ನೋಟ್ಸು ಬರುತ್ತವೆಂದು ಮಾಲಿಂಗಪ್ಪ ಆಗ ಅವಳಿಗೊಂದು ಫೋನು ಕೊಡಿಸಿದ್ದ. ಒಂದು ರಾತ್ರಿ ಎರಡು ಗಂಟೆಗೆ ಆತ ಹಟ್ಟಿಯಿಂದ ನೀರು ಕುಡಿಯಲು ಬಂದಾಗ ಮಗಳು ಪಡಸಾಲೆಯಲ್ಲಿ ಕೂತೇ ಇದ್ದಳು. ಅವಳ ಮುಖದ ಮೇಲೆ ನೀಲಿ ಬೆಳಕು.

"ಇನ್ನೂ ಮಲಗಿಲ್ಲೇನವಾ?"

"ಓದಾಕತ್ತೇನಿ ಅಪ್ಪಾ."

ಮರುದಿನವೂ ಅದೇ, ಅದರ ಮರುದಿನವೂ. ಮೂವತ್ತು ವರ್ಷಗಳಿಂದ ಒಂದು ರಾತ್ರಿಯನ್ನೂ ಇಡಿಯಾಗಿ ಮಲಗದ ಮಾಲಿಂಗಪ್ಪನಿಗೆ ಒಂದು ವಿಚಾರ ಹೊಳೆಯಿತು. ಹೇಗೂ ಎಚ್ಚರ ಇರುತ್ತಾಳೆ. ಪಡಸಾಲೆಯಲ್ಲಿ ಕೂತು ಓದುವುದನ್ನು ಹಟ್ಟಿಯ ಬಾಜೂ ಹೊರಸಿನ ಮೇಲೆ ಕೂತು ಓದಿದರಾಯಿತು. ಮನೆಯ ಗೋಡೆಗೇ ಹತ್ತಿದ ಹಟ್ಟಿ, ಅಂಜುವ ಮಾತಿಲ್ಲ. ವಿದ್ಯಾ ಒಲ್ಲೆ ಎನ್ನಲಿಲ್ಲ. ಒಲ್ಲೆ ಎಂದರೆ ಮಲಗಬೇಕಾಗುತ್ತಿತ್ತು.

ಅಂದಿನಿಂದ ಮಾಲಿಂಗಪ್ಪ ಗೊರಕೆ ಹೊಡೆದು ಮಲಗಿದ. ಚಹಾದಂಗಡಿಯಲ್ಲಿ ಕೂತು, "ನಮ್ಮ ವಿದ್ಯಾನ ಕಣ್ಣ ಅಂದ್ರ ಕಣ್ಣ. ಒಂದ ಕೈಯಾಗ ಓದ, ಒಂದ ಕೈಯಾಗ ಹಟ್ಟಿ" ಎಂದು ಹೇಳಿಕೊಂಡ. ಮಗಳಿಗೆ ನಿದ್ದೆ ಬರುತ್ತಿಲ್ಲ ಎಂಬುದನ್ನು ಆ ಮನೆ ಹೀಗೆ ಮಗಳ ದೊಡ್ಡ ಗುಣವೆಂದು ಎತ್ತಿ ಮೆರೆಸಿತು.

ನಿಜ ಬೇರೆ ಇತ್ತು. ಕಾರ್ತಿಕದಲ್ಲಿ ಒಮ್ಮೆ ವಿದ್ಯಾ ಅವಳಿಜವಳಿ ಮರಿಗಳನ್ನು ಎತ್ತಿಕೊಂಡು ಮುದ್ದಾಡುವ ಒಂದು ಚಿಕ್ಕ ವಿಡಿಯೊ ಮಾಡಿ ಹಾಕಿದ್ದಳು. ಹನ್ನೊಂದು ಮಂದಿ ಮೆಚ್ಚಿದರು. ಹನ್ನೆರಡನೆಯವರು ಯಾರೋ, ಹೆಸರಿಲ್ಲದವರು, ಕೆಳಗೆ ಬರೆದರು: "ಏ, ಕುರಿ ವಾಸನಿ ಇಲ್ಲೀತನಾ ಬಂತು. ಮೂಗ ಮುಚ್ಕೊಳ್ರೋ." ಅದಕ್ಕೆ ನಲವತ್ತು ಮಂದಿ ನಕ್ಕಿದ್ದರು. ನಕ್ಕವರಲ್ಲಿ ಅವಳ ತರಗತಿಯ ಹುಡುಗಿಯರೂ ಇದ್ದರು.

ವಿಡಿಯೊ ತೆಗೆದುಹಾಕಿದಳು. ಆದರೆ ಅದನ್ನು ಯಾರಾದರೂ ಉಳಿಸಿಕೊಂಡಿದ್ದರೆ? ಬೇರೆಲ್ಲೋ ಹಾಕಿದ್ದರೆ? ಹುಡುಕುತ್ತ ಹೋದಳು. ಹುಡುಕುವಾಗ ಮತ್ತೊಬ್ಬಳ ಹೊಸ ಡ್ರೆಸ್ಸು ಸಿಗುತ್ತಿತ್ತು, ಮತ್ತೊಬ್ಬಳ ಗೋವಾ ಪ್ರವಾಸ, ಮತ್ತೊಬ್ಬಳ ಬೆಳ್ಳಗಿನ ಕೋಣೆ. ಬೆರಳು ಮೇಲಕ್ಕೆ, ಮೇಲಕ್ಕೆ. ಒಂದು ಮುಗಿದರೆ ಇನ್ನೊಂದು, ಅದಕ್ಕೆ ತಳವೇ ಇರಲಿಲ್ಲ. ನಾಲ್ಕು ಗಂಟೆಗೆ ಕಣ್ಣು ಮುಚ್ಚಿದರೂ ರೆಪ್ಪೆಯೊಳಗೆ ಬೆಳಕು ಓಡಾಡುತ್ತಿತ್ತು, ಎದೆ ಯಾರೋ ಅಟ್ಟಿಸಿಕೊಂಡು ಬಂದವರಂತೆ ಹೊಡೆದುಕೊಳ್ಳುತ್ತಿತ್ತು. ಹಗಲು ಹೊತ್ತು ತಲೆಯಲ್ಲಿ ಹಸಿ ಉಣ್ಣೆ ತುರುಕಿದ ಹಾಗೆ. ಕಲಿತದ್ದು ನಿಲ್ಲದು. ಒಮ್ಮೆ ಕೈಜಾರಿ ಚರಿಗೆ ಬಿದ್ದದ್ದಕ್ಕೆ ಅರ್ಧ ತಾಸು ಅತ್ತಳು. ಏಕೆಂದು ಅವ್ವ ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ.

ಸಂಕ್ರಾಂತಿಯ ಮುಂದೆ ಹಟ್ಟಿಯಿಂದ ಎರಡು ಮರಿ ಹೋದವು. ತೋಳವೋ ಕಳ್ಳರೋ, ಹೊರಸಿನ ಮೇಲೆ ಎಚ್ಚರವಾಗಿಯೇ ಕೂತಿದ್ದ ವಿದ್ಯಾಳಿಗೆ ಗೊತ್ತಾಗಲಿಲ್ಲ. ಕಿವಿಯಲ್ಲಿ ಹಾಡಿತ್ತು. ಹಟ್ಟಿಯ ನಾಯಿ ಬೊಗಳಿರಬೇಕು. ಬೆಳಿಗ್ಗೆ ಮಾಲಿಂಗಪ್ಪ ಮುದಿ ನಾಯಿಗೆ ಬಡಿಗೆ ಮುರಿಯುವ ಹಾಗೆ ಹೊಡೆದು, "ಕೂಳ ದಂಡ ನಿನಗ" ಎಂದು ಊರಾಚೆ ಅಟ್ಟಿದ. ವಿದ್ಯಾ ಬಾಗಿಲಲ್ಲಿ ನಿಂತು ನೋಡಿದಳು.

ಸಂಕ್ರಾಂತಿ ಮುಗಿದ ವಾರ ಆರೋಗ್ಯ ಕೇಂದ್ರದ ನರ್ಸು ಆಮ್ರಪಾಲಿ ಮನೆಗೆ ಬಂದಳು. ಹಣಮವ್ವನ ಎರಡೂ ಕಣ್ಣಿಗೆ ಪರಿ, ಅಂದರೆ ಪೊರೆ, ಬಂದಿತ್ತು. ಎಡಗಣ್ಣಿಗೆ ಹಗಲು ರಾತ್ರಿಯ ಗುರುತಷ್ಟೇ ಉಳಿದಿತ್ತು. ಬಲಗಣ್ಣಿಗೆ ಮಂದಿ ನೆರಳಿನಂತೆ ಕಾಣುತ್ತಿದ್ದರು.

"ಆಯಿ, ಬರೂ ಗುರುವಾರ ಮೂಡಲಗ್ಯಾಗ ಶಿಬಿರ ಐತ್ರಿ. ಎಂಟಕ್ಕ ನೋಡಿ, ವ್ಯಾನಿನ್ಯಾಗ ದವಾಖಾನಿಗೆ ಕರ್ಕೊಂಡ ಹೋಗಿ ಆಪರೇಶನ್ ಮಾಡಿ, ತಿರುಗಿ ತಂದ ಬಿಡ್ತಾರ. ಎಡಗಣ್ಣ ಭಾಳ ಹಣ್ಣಾಗೈತ್ರಿ, ತಡಾ ಮಾಡಬ್ಯಾಡ್ರಿ. ಜೋಡಿ ಒಬ್ಬರ ಬರಬೇಕು."

ಮಾಲಿಂಗಪ್ಪ ಆ ದಿನ ಟಗರು ನೋಡಲು ಯಮಕನಮರಡಿಗೆ ಹೋಗುವವನಿದ್ದ. ಸುಂದ್ರವ್ವನಿಗೆ ಅರಿಷಿಣದ ಹೊಲದಲ್ಲಿ ಕೂಲಿ, ಬೆಳಗಿನ ಐದಕ್ಕೇ ಗಾಡಿ.

"ನಾ ಕರ್ಕೊಂಡ ಹೋಗ್ತೇನಿ ಆಯಿ" ಎಂದಳು ವಿದ್ಯಾ. "ನಿನ್ನಾಣಿ. ನಿನ್ನ ಕಣ್ಣ ಮಾಡಿಸೇ ತರ್ತೇನಿ."

"ನನ್ನಾಣಿ ಯಾಕ ಹಾಕ್ತೀಯೇ ಮೂಳ" ಎಂದು ಹಣಮವ್ವ ನಕ್ಕಳು. "ಆರೂವರಿ ಬಸ್ಸಿಗೆ ಎದ್ದರ ಸಾಕು. ಕಣ್ಣ ಬಂದ ಮ್ಯಾಲ ಮೊದಲ ನಿನ್ನ ನೋಡ್ತೇನಿ ನೋಡು. ನೀ ಎಷ್ಟ ಎತ್ತರ ಆಗಿ ಅನ್ನೂದು ಕೈಲೆ ಮುಟ್ಟಿ ಅಷ್ಟ ಗೊತ್ತೈತಿ ನನಗ."

ವಿದ್ಯಾ ಆಣೆಯನ್ನು ಮನಸ್ಸಿನಿಂದಲೇ ಮಾಡಿದ್ದಳು. ಬುಧವಾರ ರಾತ್ರಿ ಫೋನಿನಲ್ಲಿ ಐದು ಗಂಟೆಯ ಅಲಾರ್ಮು ಇಟ್ಟಳು. ಇವತ್ತು ಬೇಗ ಮಲಗುತ್ತೇನೆ, ಹತ್ತು ನಿಮಿಷ ನೋಡಿ ಇಡುತ್ತೇನೆ ಎಂದುಕೊಂಡಳು. ಆ ಹತ್ತು ನಿಮಿಷ ಮೂರೂವರೆಯವರೆಗೆ ಬೆಳೆಯಿತು. ಎಲ್ಲೋ ಒಂದು ಹಾಡಿನ ನಡುವೆ ಫೋನಿನ ಚಾರ್ಜು ಮುಗಿದು ಪರದೆ ಕಪ್ಪಾಯಿತು. ಅವಳು ಹೊರಸಿನಿಂದ ಎದ್ದು ಒಳಗೆ ಬಂದವಳು, ಅದನ್ನು ಚಾರ್ಜಿಗೆ ಹಾಕಲೂ ಆಗದೆ, ಹಾಗೆಯೇ ಹಾಸಿಗೆಗೆ ಜಾರಿದಳು.

ಕಣ್ಣು ತೆರೆದಾಗ ಬಿಸಿಲು ಕೋಣೆಯ ಅರ್ಧಕ್ಕೆ ಬಂದಿತ್ತು.

ಎದ್ದು ಓಡಿ ಬಂದಳು. ಹಣಮವ್ವ ಹೊಸ್ತಿಲ ಮೇಲೆ ಕೂತಿದ್ದಳು. ಹಸಿರು ಇಳಕಲ್ ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ. ಮಡಿಲಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಆಧಾರ್ ಕಾರ್ಡು, ಎರಡು ರೊಟ್ಟಿ. ಬಿಸಿಲು ಸರಿದಂತೆಲ್ಲ ತಾನೂ ಸರಿದು ಸರಿದು ಗೋಡೆಯ ಮೂಲೆಗೆ ಬಂದಿದ್ದಳು.

"ಎದ್ದಿ ಏನವಾ? ನಿದ್ದಿ ಆತಿಲ್ಲೋ?"

"ಎಷ್ಟಾಗೈತಿ ಆಯಿ ಈಗ?"

"ಹತ್ತರ ಬಸ್ಸೂ ಹೋತು ಕಾಣತೈತಿ. ಹಾರ್ನ್ ಕೇಳಿತು."

"ಎಬ್ಬಸಬೇಕಿತ್ತಿಲ್ಲೋ!" ವಿದ್ಯಾ ಚೀರಿದಳು. "ಇಷ್ಟೊತ್ತನಾ ಇಲ್ಲಿ ಸುಮ್ನ ಕುಂದರೂದ? ಒಂದ ಸಲ ಮೈ ಮುಟ್ಟಿ ಎಬ್ಬಿಸಿದ್ರ ಏನಾಕ್ಕಿತ್ತು ನಿನಗ?"

"ಎರಡ ಸಲ ಬಂದಿದ್ನೆವಾ ಹಾಸಿಗಿತನಾ" ಎಂದಳು ಹಣಮವ್ವ, ತಪ್ಪು ಮಾಡಿದವಳಂತೆ. "ಕೈ ಚಾಚಿದ್ದೂ ಖರೆ. ಆದ್ರ ಹಟ್ಟಿ ಕಾದ ಕೂಸನ್ನ ಹೆಂಗ ಎಬ್ಬಸ್ಲಿ? ಮನಿ ಮಂದಿಗೆಲ್ಲಾ ನಿದ್ದಿ ಕೊಟ್ಟ ತಾ ಎಚ್ಚರ ಇದ್ದಾಕಿ. ಕಣ್ಣಿಂದೇನ, ಮತ್ತೊಮ್ಮಿ ಆದೀತು."

ಆಗಲೇ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ವಿದ್ಯಾ ಒಳಗೆ ಹೋಗಿ ಫೋನನ್ನು ಚಾರ್ಜಿಗೆ ಹಾಕಿದಳು. ಹಾಕಿದ ಮೇಲೆ ತಾನು ಮೊದಲು ಮಾಡಿದ ಕೆಲಸ ಅದೇ ಎಂಬುದು ಅವಳಿಗೆ ಹೊಳೆಯಿತು.

ಸಂಜೆ ಯಾರೂ ಬೈಯಲಿಲ್ಲ. "ಹೋಗ್ಲಿ ಬಿಡು, ಕಾವಲ ಅಂದ್ರ ಹಂಗ" ಎಂದ ಮಾಲಿಂಗಪ್ಪ. ಸುಂದ್ರವ್ವ ಮಗಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಬೈದಿದ್ದರೆ ನುಂಗಬಹುದಿತ್ತು, ಆ ರೊಟ್ಟಿಯನ್ನು ವಿದ್ಯಾ ಮುಟ್ಟದೆ ಬಿಟ್ಟೆದ್ದಳು.

ಮುಂದಿನ ಶಿಬಿರ ಎರಡು ತಿಂಗಳ ಮೇಲೆ, ಹುಕ್ಕೇರಿಯಲ್ಲಿ ಎಂದಳು ಆಮ್ರಪಾಲಿ. ಅದರ ನಡುವೆ, ಶಿವರಾತ್ರಿಯ ಹೊತ್ತಿಗೆ, ಹಣಮವ್ವನ ಎಡಗಣ್ಣು ಕೆಂಡದಂತೆ ಕೆಂಪಾಯಿತು. ಅರ್ಧ ತಲೆ ಸಿಡಿಯುವಂಥ ನೋವು, ವಾಂತಿ. ಉಷ್ಣ ಇರಬೇಕೆಂದು ಸುಂದ್ರವ್ವ ನೆತ್ತಿಗೆ ಹರಳೆಣ್ಣೆ ತಟ್ಟಿದಳು. ಮುದುಕಿ ಎರಡು ದಿನ ಹಲ್ಲು ಕಚ್ಚಿ ತಡೆದಳು. ಮೂರನೆಯ ದಿನ ಆಮ್ರಪಾಲಿ ಬಂದು ನೋಡಿ, ಅಲ್ಲೇ ನಿಂತು ಗಾಡಿ ತರಿಸಿ ಗೋಕಾಕಕ್ಕೆ ಒಯ್ದಳು.

ಕಣ್ಣಿನ ಡಾಕ್ಟರು ಬಹಳ ಹೊತ್ತು ನೋಡಿದರು. ಪರಿ ಹಣ್ಣಾಗಿ ಒಳಗೇ ಸೋರಿದೆ, ಕಣ್ಣಿನ ಒತ್ತಡ ಏರಿ ನರ ಸತ್ತಿದೆ ಎಂದರು. ಎಡಗಣ್ಣಿಗೆ ಇನ್ನು ಬೆಳಕಿಲ್ಲ. ನೋವು ಇಳಿಸಲು ಔಷಧ ಕೊಡುತ್ತೇವೆ, ಬಲಗಣ್ಣನ್ನು ಹುಕ್ಕೇರಿಯ ಶಿಬಿರದಲ್ಲಿ ಮಾಡಿಸಿಕೊಳ್ಳಿ, ಅದನ್ನಾದರೂ ತಪ್ಪಿಸಬೇಡಿ.

"ಒಂದ ತಿಂಗಳ ಮೊದಲ ತಂದಿದ್ರ ಎರಡೂ ಉಳೀತಿದ್ವು" ಎಂದರು, ಚೀಟಿ ಬರೆಯುತ್ತ.

ಮಾಲಿಂಗಪ್ಪ ಔಷಧ ತರಲು ಹೋದ. ಹಣಮವ್ವ ಒಳಗೆ ಮಲಗಿದ್ದಳು. ಹೊರಗಿನ ಬೆಂಚಿನ ಮೇಲೆ ವಿದ್ಯಾ ಫೋನು ಹಿಡಿದು ಕೂತಿದ್ದಳು. ಪರದೆಯಲ್ಲಿ ಯಾರೋ ಕುಣಿಯುತ್ತಿದ್ದರು. ಅವಳು ನೋಡುತ್ತಿರಲಿಲ್ಲ, ಬೆರಳು ತನ್ನಷ್ಟಕ್ಕೆ ಸರಿಸುತ್ತಿತ್ತು. ಆಮ್ರಪಾಲಿ ಬಂದು ಬಾಜೂ ಕೂತಳು.

"ದಿನಕ್ಕ ಎಷ್ಟ ತಾಸ ಮಲಗ್ತಿ ವಿದ್ಯಾ?"

"ನಾ ಹಟ್ಟಿ ಕಾಯ್ತೇನ್ರಿ ಸಿಸ್ಟರ್."

"ಹಟ್ಟಿ ಕಾಯೋರನ್ನ ದಿನಾ ನೋಡ್ತೇನಿ ನಾ. ಅವರ ಕಣ್ಣ ದಣದಿರ್ತಾವ. ನಿನ್ನವು ಹೆದರ್ಯಾವ."

ವಿದ್ಯಾಳ ಬೆರಳು ಪರದೆಯ ಮೇಲೆ ನಿಂತಿತು. ಆಮೇಲೆ, ಯಾರೋ ಹಿಂದಿನಿಂದ ನೂಕಿದ ಹಾಗೆ ಎಲ್ಲ ಹೊರಬಿತ್ತು: ವಿಡಿಯೊ, ಕುರಿ ವಾಸನೆಯ ಮಾತು, ನಕ್ಕ ನಲವತ್ತು ಮಂದಿ, ಮೂರೂವರೆ, ಕಪ್ಪಾದ ಪರದೆ. ಹೊರಸಿನ ಮೇಲೆ ಕೂತು ತಾನು ಒಂದು ರಾತ್ರಿಯೂ ಹಟ್ಟಿಯ ಕಡೆಗೆ ತಲೆ ಎತ್ತಿ ನೋಡದ್ದು.

"ಇಟ್ಟಬಿಡು ಅಂತ ಹೇಳಬ್ಯಾಡ್ರಿ" ಎಂದಳು, ಕಣ್ಣೊರೆಸಿಕೊಂಡು, ಸಿಟ್ಟಿನಿಂದಲೇ. "ಹಗಲ ಪೂರಾ ಮಂದೀದು. ಕಾಲೇಜು, ಕಸಾ, ನೀರು, ಕುರಿ. ರಾತ್ರಿ ಒಂದ ನಂದು. ಅದನ್ನೂ ಕೊಟ್ಟಬಿಡ್ಲೇನ್ರಿ?"

"ಅದಾದ್ರೂ ನಿಂದ ಉಳದೈತೇನು?"

ವಿದ್ಯಾ ಫೋನನ್ನು ಬೆಂಚಿನ ಮೇಲೆ ಬೋರಲು ಹಾಕಿದಳು.

"ನನಗೂ ಹತ್ತಿತ್ತು ಇದು, ಟ್ರೇನಿಂಗಿನ್ಯಾಗ" ಎಂದಳು ಆಮ್ರಪಾಲಿ. "ಒಬ್ಬ ಪೇಶಂಟಗ ಕೊಡೂ ಗುಳಿಗಿ ಇನ್ನೊಬ್ಬರಿಗೆ ಕೊಡಾಕ ಹೋಗಿದ್ದೆ, ಕಣ್ಣ ತೂಕಡಿಸಿ. ಹಿರೇ ಸಿಸ್ಟರ್ ಕೈ ಹಿಡದ್ರು. ನಿನ್ನ ಕೈ ಯಾರೂ ಹಿಡೀಲಿಲ್ಲ, ಅಷ್ಟ. ಎದಿ ಬಡಕೊಳ್ಳೂದು, ಸುಮ್‌ಸುಮ್ನ ಅಳು ಬರೂದು, ಇವಕ್ಕೂ ಡಾಕ್ಟರ್ ಅದಾರ. ಮುಂದಿನ ವಾರ ನಾನ ಕರ್ಕೊಂಡ ಹೋಗ್ತೇನಿ. ಅವರ ಮುಂದ ಮಾತಾಡು."

"ಮನ್ಯಾಗ ಹೇಳ್ತೀರೇನ್ರಿ?"

"ನಾ ಯಾಕ ಹೇಳ್ಲಿ? ಅದು ನಿನ್ನ ಬಾಯಿಲೇ ಬರಬೇಕು."

ಬಾಯಿಗೆ ಬರಲು ಇನ್ನೂ ನಾಲ್ಕು ದಿನ ಹಿಡಿಯಿತು. ಹಣಮವ್ವ ಮನೆಗೆ ಬಂದಿದ್ದಳು. ಸತ್ತ ಕಣ್ಣಿನ ಮೇಲೆ ಬಿಳಿ ಬಟ್ಟೆ. ಸಂಜೆ ಕುರಿಗಳನ್ನು ಕೂಡಿ ಹಾಕಿ ಎಲ್ಲರೂ ಉಣ್ಣಲು ಕೂತಾಗ ಮಾಲಿಂಗಪ್ಪ ಎಂದಿನಂತೆ, "ಉಂಡ ಹೊರಸಿಗೆ ಹೋಗವಾ, ನಾ ಒಂದೀಟ ಅಡ್ಡಾಗ್ತೇನಿ" ಎಂದ.

"ಅಪ್ಪಾ, ನಾ ಹಟ್ಟಿ ಕಾದಿಲ್ಲ."

"ಇವತ್ತಿನ್ನೂ ಹೊತ್ತ ಐತೆಲ್ಲ."

"ಒಂದ ದಿನಾನೂ ಕಾದಿಲ್ಲ. ಓದೂ ಇಲ್ಲ. ಫೋನ್ ನೋಡ್ಕೋತ ಕುಂದರ್ತಿದ್ದೆ. ಮೂಡಲಗಿಗೆ ಹೋಗೂ ದಿನಾನೂ ಅದಕ್ಕ ಏಳಾಕ ಆಗ್ಲಿಲ್ಲ."

ಮಾಲಿಂಗಪ್ಪನ ಕೈಯ ತುತ್ತು ಅಲ್ಲೇ ನಿಂತಿತು.

"ಸಂಕ್ರಾಂತಿ ಮುಂದ ಎರಡ ಮರಿ ಹೋದವಲ್ಲ, ಆಗ?"

"ಆಗೂ. ಕಿವ್ಯಾಗ ಹಾಡ ಹಾಕ್ಕೊಂಡಿದ್ದೆ. ನಾಯಿ ಬೊಗಳಿದ್ದ ಕೇಳಿಲ್ಲ ನನಗ."

"ನಾ ನಾಯಿಗೆ ಬಡದ್ನೆಲ್ಲೇ" ಎಂದ ಅವನು. ಎದ್ದು ಕೈ ತೊಳೆದ. ಮೊಳೆಯ ಮೇಲಿದ್ದ ಕಂಬಳಿ ಎಳೆದು ಹೆಗಲಿಗೆ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಹಟ್ಟಿಯ ಕಡೆಗೆ ನಡೆದ.

ಸುಂದ್ರವ್ವ ಮಗಳ ರಟ್ಟೆ ಹಿಡಿದು ಎಳೆದಳು. "ತಾ ಆ ಫೋನ್! ಒಲಿಗೆ ಹಾಕ್ತೇನಿ. ಮುದುಕಿ ಕಣ್ಣ ನುಂಗಿದ್ದು ಸಾಲಿಲ್ಲೇನ ಅದಕ್ಕ?"

"ಬಿಡ ಸುಂದ್ರಿ" ಎಂದಳು ಹಣಮವ್ವ. ಅಷ್ಟು ಹೊತ್ತು ಅವಳ ಕಡೆ ಯಾರೂ ನೋಡಿರಲಿಲ್ಲ. ತಟ್ಟೆಯ ಅಂಚನ್ನು ಬೆರಳಿನಿಂದ ತಡವುತ್ತ ಕೂತಿದ್ದಳು. ವಿದ್ಯಾ ಅವಳ ಕಾಲ ಹತ್ತಿರ ಬಂದು ಕೂತಳು, ಬೈಗುಳಕ್ಕೋ ಹೊಡೆತಕ್ಕೋ ಕಾಯುತ್ತ.

"ಹಂಗಾದ್ರ ಅವತ್ತ ನಾ ಹೊಸ್ತಿಲ ಮ್ಯಾಲ ಸುಮ್‌ಸುಮ್ನ ಕುಂತೆ" ಎಂದಳು ಮುದುಕಿ.

ಮುಂದೆ ಮೂರು ವಾರ ಆಕೆ ಮೊಮ್ಮಗಳೊಂದಿಗೆ ಮಾತಾಡಲಿಲ್ಲ. ವಿದ್ಯಾ ಔಷಧ ಕೊಟ್ಟರೆ ಕುಡಿಯುತ್ತಿದ್ದಳು, ನೀರು ಕೊಟ್ಟರೆ ತೆಗೆದುಕೊಳ್ಳುತ್ತಿದ್ದಳು, ಕೈ ಹಿಡಿದರೆ ನಡೆಯುತ್ತಿದ್ದಳು. ಕಥೆ ಇಲ್ಲ, ನಗೆ ಇಲ್ಲ, ಮೂಳ ಎಂಬ ಬೈಗುಳವೂ ಇಲ್ಲ. ಮಾಲಿಂಗಪ್ಪ ಸೈಕಲ್ ಹತ್ತಿ ನಾಯಿಯನ್ನು ಹುಡುಕಿಕೊಂಡು ಮೂರು ಊರು ತಿರುಗಿದ. ಅದು ಸಿಗಲಿಲ್ಲ. ಚಹಾದಂಗಡಿಗೆ ಹೋಗುವುದನ್ನು ಬಿಟ್ಟ.

ಫೋನು ಒಲೆಗೆ ಬೀಳಲಿಲ್ಲ. ಪಾಠ ಅದರಲ್ಲೇ ಬರುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ವಿದ್ಯಾ ತಾನೇ ಅದನ್ನು ಹಿಟ್ಟಿನ ಡಬ್ಬಿಯೊಳಗೆ ಇಟ್ಟು, ಡಬ್ಬಿಯನ್ನು ಅವ್ವನ ತಲೆದೆಸೆಗೆ ಇಡುತ್ತಿದ್ದಳು. ಆದರೆ ಕೊಟ್ಟ ತಕ್ಷಣ ನಿದ್ದೆ ಓಡಿ ಬರಲಿಲ್ಲ. ಮೊದಲ ರಾತ್ರಿಗಳು ಹೊಲಸಾಗಿದ್ದವು. ಬೆರಳು ಹಾಸಿಗೆಯ ಮೇಲೆ ತಾನೇ ಸರಿಯುತ್ತಿತ್ತು. ಯಾರೋ ಎಲ್ಲೋ ತನ್ನನ್ನು ನೋಡಿ ನಗುತ್ತಿದ್ದಾರೆ, ತನಗೆ ಗೊತ್ತಾಗುತ್ತಿಲ್ಲ ಎಂಬ ದಿಗಿಲಿಗೆ ಮೈ ಬೆವರುತ್ತಿತ್ತು. ಆರನೆಯ ರಾತ್ರಿ ತಡೆಯಲಾರದೆ ಎದ್ದು ಡಬ್ಬಿಗೆ ಕೈ ಹಾಕಿದಳು. ಬೆಳಿಗ್ಗೆ ಸುಂದ್ರವ್ವ ಮಗಳ ತೋಳಿನ ಮೇಲೆ ಹಿಟ್ಟು ನೋಡಿದಳು. ಈ ಸಲ ಚೀರಲಿಲ್ಲ. ಅಂದಿನಿಂದ ತನ್ನ ಹಾಸಿಗೆಯನ್ನು ಮಗಳ ಹಾಸಿಗೆಯ ಬಾಜೂ ಹಾಸಿದಳು.

ಗೋಕಾಕದ ಮನಸ್ಸಿನ ಡಾಕ್ಟರ ಹತ್ತಿರ ಆಮ್ರಪಾಲಿ ವಿದ್ಯಾಳನ್ನು ಎರಡು ಸಲ ಕರೆದುಕೊಂಡು ಹೋದಳು. ಆ ಹೆಸರಿಲ್ಲದವರ ಮಾತನ್ನು ವಿದ್ಯಾ ಅಲ್ಲಿ ಮೊದಲ ಸಲ ಒಂದಕ್ಷರ ಬಿಡದೆ ಜೋರಾಗಿ ಹೇಳಿದಳು. ಹೇಳಿದ ಮೇಲೆ ಅದು ಚಿಕ್ಕದೇನೂ ಆಗಲಿಲ್ಲ; ಆದರೆ ಅದರ ಜೊತೆ ಒಬ್ಬಳೇ ಇರುವುದು ತಪ್ಪಿತು. ಕೆಲವು ರಾತ್ರಿ ಹನ್ನೊಂದಕ್ಕೆ ನಿದ್ದೆ ಬಂತು, ಕೆಲವು ರಾತ್ರಿ ಎರಡಕ್ಕೆ. ಪರೀಕ್ಷೆ ಬಂತು, ಬರೆದಳು. ಚೆನ್ನಾಗಿ ಬರೆಯಲಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಹುಕ್ಕೇರಿಯ ಶಿಬಿರದ ದಿನ ಅವಳು ಅಲಾರ್ಮು ಇಟ್ಟಿರಲಿಲ್ಲ. ಅವ್ವ ಎಬ್ಬಿಸುತ್ತೇನೆ ಎಂದಿದ್ದಳು. ಇನ್ನೂ ಕತ್ತಲಿರುವಾಗ ಭುಜವನ್ನು ಯಾರೋ ಗಟ್ಟಿಯಾಗಿ ಅಲುಗಾಡಿಸಿದರು. ಕಣ್ಣು ತೆರೆದರೆ ಅವ್ವನಲ್ಲ, ಗೋಡೆ ಹಿಡಿದುಕೊಂಡು ಬಂದು ನಿಂತ ಹಣಮವ್ವ.

"ಏಳು" ಎಂದಳು. ಮೂರು ವಾರದಲ್ಲಿ ಅದು ಮೊದಲ ಮಾತು. "ಬಸ್ಸಿನ ಹೊತ್ತಾತು. ಹಟ್ಟಿ ಏನ ಕಾದಿಲ್ಲ ನೀ."

ಅದರಲ್ಲಿ ಸಿಟ್ಟು ಎಷ್ಟು, ಪ್ರೀತಿ ಎಷ್ಟು ಎಂದು ಅಳೆಯಲು ವಿದ್ಯಾಳಿಗೆ ಧೈರ್ಯವಾಗಲಿಲ್ಲ. ಎದ್ದಳು.

ಮಾಲಿಂಗಪ್ಪನೂ ಹೊರಟ. ಕುರಿಗಳನ್ನು ಪಕ್ಕದವರಿಗೆ ಒಪ್ಪಿಸಿ, ಬಿಳಿ ರುಮಾಲು ಸುತ್ತಿಕೊಂಡಿದ್ದ. ಗೋಕಾಕಕ್ಕೆ ಹೋಗಿ ಬಸ್ಸು ಬದಲಿಸಿದರು. ದಾರಿಯುದ್ದಕ್ಕೂ ಹಣಮವ್ವ ಕಿಟಕಿಯ ಬಾಜೂ ಕೂತು, ಕಬ್ಬಿನ ವಾಸನೆ ಬಂದಾಗ, ನೀರಿನ ತಂಪು ತಾಗಿದಾಗ, ಮುಖವನ್ನು ಆ ಕಡೆ ತಿರುಗಿಸುತ್ತಿದ್ದಳು. ವಿದ್ಯಾ ಅವಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಫೋನು ಮನೆಯಲ್ಲೇ ಉಳಿದಿತ್ತು. ಹತ್ತು ನಿಮಿಷಕ್ಕೊಮ್ಮೆ ಅವಳ ಕೈ ಖಾಲಿ ಜೇಬಿಗೆ ಹೋಗಿ ಬರುತ್ತಿತ್ತು. ಎದುರಿನ ಸೀಟಿನಿಂದ ಮಾಲಿಂಗಪ್ಪ ಅದನ್ನು ನೋಡುತ್ತಿದ್ದ.

ತಪಾಸಣೆ ಆಯಿತು. ವ್ಯಾನಿನಲ್ಲಿ ದವಾಖಾನೆಗೆ ಒಯ್ದರು. ಮಧ್ಯಾಹ್ನ ಹಣಮವ್ವನ ಬಲಗಣ್ಣಿನ ಆಪರೇಶನ್ ಮುಗಿಯಿತು. ಆ ರಾತ್ರಿ ವಿದ್ಯಾ ಅಜ್ಜಿಯ ಮಂಚದ ಕೆಳಗೆ ಚಾಪೆ ಹಾಸಿಕೊಂಡಳು. ಮುದುಕಿ ನೀರು ಕೇಳಿದಾಗ ಎರಡು ಸಲ ಎದ್ದಳು, ಎರಡು ಸಲವೂ ಮತ್ತೆ ಮಲಗಿದಳು, ನಿದ್ದೆ ಬಂತು.

ಬೆಳಿಗ್ಗೆ ಸಾಲಾಗಿ ಕೂರಿಸಿ ಒಬ್ಬೊಬ್ಬರದೇ ಪಟ್ಟಿ ಬಿಚ್ಚಿದರು. ಹಣಮವ್ವನ ಸರದಿ ಬಂತು. ದವಾಖಾನೆಯ ನರ್ಸು ಹತ್ತಿಯಿಂದ ಒರೆಸಿ, "ನಿಧಾನಕ್ಕ ತೆಗೀರಿ ಆಯಿ. ಯಾರದಾರ ಹೇಳ್ರಿ ಎದುರಿಗೆ?" ಎಂದರು.

ಮುದುಕಿ ಕಣ್ಣು ತೆರೆದಳು. ನೀರು ತುಂಬಿ ಬಂತು, ಒರೆಸಿದರು, ಮತ್ತೆ ತೆರೆದಳು. ಎದುರು ನಿಂತಿದ್ದ ವಿದ್ಯಾಳನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ತಲೆಯ ಹತ್ತಿರ ಬಂದು ನೋಟ ನಿಂತಿತು. ಕೈ ಚಾಚಿ ಮೊಮ್ಮಗಳ ಗದ್ದ ಹಿಡಿದು, ಬೆಳಕಿನ ಕಡೆ ತಿರುಗಿಸಿದಳು. ಕಣ್ಣಿನ ಕೆಳಗಿನ ಕಪ್ಪು ಗುಳಿಗಳ ಮೇಲೆ ಹೆಬ್ಬೆರಳು ಆಡಿಸಿದಳು. ಒಣಗಿದ ತುಟಿ, ಒಳಗೆ ಹೋದ ಕೆನ್ನೆ, ಒಂದನ್ನೂ ಬಿಡದೆ ನೋಡಿದಳು.

ಆಮೇಲೆ ಮಗನ ಕಡೆ ತಿರುಗಿದಳು.

"ನಾ ಕುರುಡಿ ಇದ್ದೆ ಮಾಲಿಂಗಾ. ನಿಮಗ ಕಣ್ಣ ಇದ್ವಲ್ಲೋ?"

ಮಾಲಿಂಗಪ್ಪ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ನರ್ಸು ಕಾಗದದ ಮೇಲೆ ವಿದ್ಯಾಳ ಸಹಿ ತೆಗೆದುಕೊಂಡು, ಔಷಧದ ಚಿಕ್ಕ ಬಾಟಲಿಯನ್ನು ಅವಳ ಅಂಗೈಯಲ್ಲಿಟ್ಟು, ದಿನಕ್ಕೆ ಆರು ಸಲ, ಹೊತ್ತು ತಪ್ಪಿಸಬಾರದು ಎಂದು ಹೇಳಿ ಮುಂದಿನ ಮಂಚಕ್ಕೆ ಹೋದರು.

ವಿದ್ಯಾ ಕೈ ತೊಳೆದು ಬಂದಳು.

"ತಲಿ ಹಿಂದ ಮಾಡು ಆಯಿ."

ಹಣಮವ್ವ ತಲೆ ಹಿಂದೆ ಮಾಡಿದಳು. ವಿದ್ಯಾ ಕೆಳರೆಪ್ಪೆಯನ್ನು ಬೆರಳ ತುದಿಯಿಂದ ಎಳೆದು ಹಿಡಿದು, ಮೊದಲ ಹನಿ ಹಾಕಿದಳು.